ಪರೀಕ್ಷೆ ಮುಗಿಯಲಿ

ಆ ಹೋಟೆಲಿಗೆ ಮುಂಬಾಗಿಲಿಂದ ಬಂದುಹೋಗುವವರಿಗೆ ಅದರ ನೆಲಮಾಳಿಗೆಯಲ್ಲೊಂದು ಲಾಂಡ್ರಿ ಇದೆಯೆಂಬುದೇ ಗೊತ್ತಿರುವುದಿಲ್ಲ. ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ಗೋಡೆಯುದ್ದಕ್ಕೂ ಒಗೆಯುವ ಯಂತ್ರಗಳು, ನಡುವೆ ಮಂಚದಷ್ಟು ಅಗಲದ ಇಸ್ತ್ರಿ ಯಂತ್ರ. ಒದ್ದೆ ಚಾದರದ ಎರಡು ತುದಿಗಳನ್ನು ಇಬ್ಬರು ಹೆಂಗಸರು ಆಚೆ ಈಚೆ ಹಿಡಿದು, ಒಮ್ಮೆ ಜಾಡಿಸಿ, ಕಾದ ಉರುಳೆಯ ಬಾಯಿಗೆ ನೆಟ್ಟಗೆ ಕೊಡಬೇಕು. ಒಬ್ಬಳ ಕೈ ಒಂದಿಷ್ಟು ಹಿಂದೆ ಬಿದ್ದರೂ ಚಾದರ ಆ ಕಡೆಯಿಂದ ಮುದುಡಿಕೊಂಡು ಬರುತ್ತದೆ. ಅಲ್ಲಿ ಎಲ್ಲರಿಗಿಂತ ಹಳಬಳಾದವಳನ್ನು ಮೇಲ್ವಿಚಾರಕನೂ ಸೇರಿದಂತೆ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮನೆಯಲ್ಲಿ ಅವಳು ಮೂರನೆಯ ಮಗಳು, ಯಾರಿಗೂ ದೊಡ್ಡಕ್ಕನಲ್ಲ. ಹೆಸರು ಮಾತ್ರ ಅಂಟಿಕೊಂಡಿತು.

ಅವಳಿಗೆ ಗಂಡ ಸಿಕ್ಕಿದ್ದೂ ಆ ನೆಲಮಾಳಿಗೆಯಲ್ಲೇ. ಸಾಮಾನಿನ ಲಿಫ್ಟಿನಲ್ಲಿ ಚಾದರದ ಗಾಡಿಯ ಜೊತೆಗೆ ಹೊರಟಿದ್ದಾಗ ಅದು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ರಿಪೇರಿಗೆ ಬಂದವನು ಹೊರಗಡೆಯಿಂದಲೇ ಮಾತಿಗಿಳಿದ. ಒಳಗೆ ಕುರ್ಚಿ ಇದೆಯಾ ಎಂದು ಕೇಳಿದ. ಚಾದರವಿದೆ ಎಂದಳು. ಹಾಗಾದರೆ ಹಾಸಿಕೊಂಡು ಒಂದು ನಿದ್ದೆ ತೆಗೆಯಿರಿ, ಸಂಬಳ ಹೇಗೂ ಓಡುತ್ತಿರುತ್ತದೆ ಎಂದ. ಬಾಗಿಲು ತೆರೆದಾಗ ಅವಳು ನಗುತ್ತಿದ್ದಳು. ಅದಾದ ಮೇಲೆ ಆ ಲಿಫ್ಟು ಪದೇಪದೇ ಕೆಡತೊಡಗಿತು. ಅವನೇ ಕೆಡಿಸುತ್ತಿದ್ದನೋ ಏನೋ ಎಂದು ಲಾಂಡ್ರಿಯ ಹೆಂಗಸರು ಮದುವೆಯಾಗಿ ಎಷ್ಟೋ ವರ್ಷದ ಮೇಲೂ ರೇಗಿಸುತ್ತಿದ್ದರು. ಅವನು ಇಲ್ಲ ಅನ್ನುತ್ತಲೂ ಇರಲಿಲ್ಲ, ಹೌದು ಅನ್ನುತ್ತಲೂ ಇರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಮಾತು ಕಲಿತ ದಿನದಿಂದ ಅವಳದು ಎದುರುವಾದವೇ. ಹಾಲು ಬಿಸಿಯಿದೆ ಎಂದರೆ ಎಷ್ಟು ಬಿಸಿ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ. ಬೇಗ ಬಾ ಎಂದರೆ ಯಾರಿಗಿಂತ ಬೇಗ. ಅಪ್ಪ ಅವಳಿಗೆ ತಕರಾರು ಎಂದು ಹೆಸರಿಟ್ಟ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ನಮ್ಮ ತಕರಾರು ಎಲ್ಲಿ?" ಎಂದು ಕೂಗುತ್ತಿದ್ದ. ಕೆಲಸದ ಚೀಲ ಕೆಳಗಿಡುವ ಮೊದಲೇ ಅವಳಿಗೊಂದು ಒಗಟು ಹಾಕಬೇಕು. ಹನ್ನೊಂದನೆಯ ಮಹಡಿಯಲ್ಲಿರುವ ಕುಳ್ಳನೊಬ್ಬ ಲಿಫ್ಟಿನಲ್ಲಿ ಕೆಳಗಿಳಿಯುವಾಗ ಪೂರ್ತಿ ಇಳಿಯುತ್ತಾನೆ, ಹತ್ತುವಾಗ ಮಾತ್ರ ನಡುವೆಯೇ ಇಳಿದು ನಡೆಯುತ್ತಾನೆ, ಯಾಕೆ? ಒಂದೇ ಹಗ್ಗಕ್ಕೆ ಎರಡು ಲಿಫ್ಟು ಕಟ್ಟಿದರೆ ಏನಾಗುತ್ತದೆ? ಇಬ್ಬರೂ ಅಡುಗೆಮನೆಯ ಹೊಸಿಲ ಮೇಲೆ ಕೂತು ವಾದ ಮಾಡುತ್ತಿದ್ದರು. ದೊಡ್ಡಕ್ಕ ಅವರನ್ನು ದಾಟಿಕೊಂಡೇ ಪಾತ್ರೆ ತರಬೇಕು, ಇಡಬೇಕು. ಎದ್ದು ಆಚೆ ಹೋಗಿ ಎಂದು ಗದರುತ್ತಿದ್ದಳೇ ಹೊರತು, ನಿಜಕ್ಕೂ ಎದ್ದು ಹೋದ ದಿನ ಅಡುಗೆಮನೆ ಅವಳಿಗೆ ಬಿಕೋ ಅನ್ನಿಸುತ್ತಿತ್ತು.

ಹುಡುಗಿ ಹೈಸ್ಕೂಲಿಗೆ ಬಂದಾಗ ಲೆಕ್ಕದ ಟೀಚರ್ ಕಣ್ಣಿಗೆ ಬಿದ್ದಳು. ತೆಳ್ಳಗಿನ, ನೆಟ್ಟಗಿನ ಹೆಂಗಸು ಆ ಟೀಚರ್. ಮಾತನಾಡುವಾಗ ಸೀಮೆಸುಣ್ಣವಿಲ್ಲದ ಕೈಯಲ್ಲೂ ಗಾಳಿಯಲ್ಲಿ ಏನೋ ಬರೆಯುತ್ತಿರುವಂತೆ ಕಾಣುತ್ತಿತ್ತು. ಒಂದು ಸಂಜೆ ಮೂರು ಮಹಡಿ ಹತ್ತಿ ಮನೆಗೇ ಬಂದಳು. ಶಾಲೆಯ ಲೆಕ್ಕ ಈ ಹುಡುಗಿಗೆ ಸಾಲದು, ಇವಳನ್ನು ಸ್ಪರ್ಧೆಗಳಿಗೆ ತಯಾರು ಮಾಡಬೇಕು ಎಂದಳು. ಮೊದಲು ಊರಿನ ಸುತ್ತು, ಆಮೇಲೆ ಪ್ರಾಂತ್ಯದ್ದು, ಗೆಲ್ಲುತ್ತಾ ಹೋದರೆ ಕೊನೆಗೆ ದೇಶದ್ದು. ತಾನೇ ಪಾಠ ಹೇಳಿಕೊಡುತ್ತೇನೆ, ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ ಎಂದಳು. ಇದರಿಂದ ಏನು ಪ್ರಯೋಜನ ಎಂದು ದೊಡ್ಡಕ್ಕ ಕೇಳಿದಾಗ ಟೀಚರ್ ಸ್ವಲ್ಪ ಮುಂದೆ ಬಾಗಿ, "ಮಾರ್ಕ್ಸು ಎಲ್ಲರಿಗೂ ಬರುತ್ತೆ. ಒಳ್ಳೇ ಕಾಲೇಜಿನ ಬಾಗಿಲಲ್ಲಿ ಮಾರ್ಕ್ಸು ಇರೋರು ಸಾಲಾಗಿ ನಿಂತಿರ್ತಾರೆ. ಪದಕ ಇದ್ದೋರನ್ನ ಒಳಗಿಂದಾನೇ ಕರೀತಾರೆ," ಎಂದಳು.

ಆ ಮಾತು ದೊಡ್ಡಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವಳಿಗೆ ಸಾಲು ಎಂದರೇನೆಂದು ಗೊತ್ತಿತ್ತು. ಬದುಕಿನಲ್ಲಿ ಒಮ್ಮೆಯೂ ಯಾರೂ ಅವಳನ್ನು ಒಳಗಿನಿಂದ ಕರೆದಿರಲಿಲ್ಲ.

ಅಲ್ಲಿಂದ ಮುಂದೆ ಮನೆಯ ದಿನಚರಿಯೇ ಬದಲಾಯಿತು. ಶಾಲೆ ಬಿಟ್ಟ ಮೇಲೆ ಹುಡುಗಿ ಟೀಚರ್ ಜೊತೆ ಕೂರುವಳು, ಭಾನುವಾರವೂ ಕೂರುವಳು. ಗೆದ್ದಳು, ಒಂದು ವರ್ಷ ಸೋತಳು, ಮತ್ತೆ ಗೆದ್ದಳು. ಸೋತ ವರ್ಷ ಅವಳಿಗಿಂತ ಅಮ್ಮನೇ ಹೆಚ್ಚು ಅತ್ತಳು. ಅಪ್ಪ ಮಾತ್ರ ಎರಡು ಸಲವೂ ಒಂದೇ ರೀತಿ ಇದ್ದ. ಗೆದ್ದಾಗ ಲೆಕ್ಕ ಏನಿತ್ತು ಎಂದು ಕೇಳಿದ, ಸೋತಾಗಲೂ ಲೆಕ್ಕ ಏನಿತ್ತು ಎಂದು ಕೇಳಿದ. ಅವಳು ಹೇಳುವುದು ಅರ್ಧದ ಮೇಲೆ ಅವನಿಗೆ ತಲೆಗೆ ಹತ್ತುತ್ತಿರಲಿಲ್ಲ. ಆದರೂ ಗಲ್ಲಕ್ಕೆ ಕೈಯಾನಿಸಿ ಕೊನೆಯತನಕ ಕೇಳುತ್ತಿದ್ದ. "ಇದರಲ್ಲೇನೋ ಮೋಸ ಇದೆ ಕಣೇ," ಎಂದು ಕೊನೆಗೆ ಹೇಳುತ್ತಿದ್ದ. ಮೋಸ ಎಲ್ಲಿದೆ ತೋರಿಸು ಎಂದು ಅವಳು ಮೇಲೆ ಬೀಳುತ್ತಿದ್ದಳು.

ಅವನ ಹೃದಯ ಸೋಲತೊಡಗಿದ್ದು ಆ ದಿನಗಳಲ್ಲೇ. ಮೊದಲು ಕಾಲು ಊದಿತು. ಆಮೇಲೆ ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಲ್ಲಬೇಕಾಯಿತು. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವನ ಮನೆಗೆ ಮೆಟ್ಟಿಲೇ ಗತಿ ನೋಡಿ ಎಂದು ಅಕ್ಕಪಕ್ಕದವರಿಗೆ ಹೇಳಿ ತಾನೇ ನಗುತ್ತಿದ್ದ; ನಕ್ಕರೆ ಕೆಮ್ಮು ಬರುತ್ತಿತ್ತು. ವೈದ್ಯರು ಗುಳಿಗೆ ಕೊಟ್ಟರು, ಉಪ್ಪು ಬಿಡಿಸಿದರು, ಕೆಲಸ ಬಿಡಿಸಿದರು. ಮನೆಯಲ್ಲಿ ದಿಂಬುಗಳನ್ನು ಎತ್ತರಕ್ಕೆ ಪೇರಿಸಿ ಒರಗಿಕೊಂಡೇ ಮಲಗುತ್ತಿದ್ದ. ದೊಡ್ಡಕ್ಕ ಎರಡು ಪಾಳಿ ಕೆಲಸಕ್ಕೆ ಹೋಗಿಬಂದು ಅವನ ಕಾಲು ಒತ್ತುವಾಗ ಬೆರಳು ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು. ಅದನ್ನು ನೋಡಿಯೂ ನೋಡದವಳಂತೆ ಹೊದಿಕೆ ಎಳೆದುಬಿಡುತ್ತಿದ್ದಳು.

ಮಗಳು ದೇಶದ ಕೊನೆಯ ಸುತ್ತಿಗೆ ಆಯ್ಕೆಯಾದ ಸುದ್ದಿ ಬಂತು. ದೂರದ ನಗರವೊಂದರಲ್ಲಿ ಶಿಬಿರ, ಕೊನೆಯ ಎರಡು ದಿನ ಪರೀಕ್ಷೆ. ಹುಡುಗಿಗೆ ಹೊರಡಲು ಕಾಲೇ ಬರಲಿಲ್ಲ. ಅಪ್ಪನ ಮಂಚದ ಪಕ್ಕ ನಿಂತು ಚೀಲದ ಜಿಪ್ಪು ಎಳೆಯುವುದು, ಬಿಡುವುದು ಮಾಡಿದಳು. ಅವನೇ, "ಹೋಗೇ, ಅಲ್ಲಿ ಹೋಗಿ ಅವರ ಜೊತೆ ತಕರಾರು ತೆಗಿ. ನನಗೂ ಸ್ವಲ್ಪ ಆರಾಮು ಸಿಗಲಿ," ಎಂದು ಕಳಿಸಿದ. ಶಿಬಿರದಲ್ಲಿ ಮಕ್ಕಳ ಮೊಬೈಲುಗಳನ್ನು ತೆಗೆದಿಟ್ಟುಕೊಳ್ಳುತ್ತಾರೆ, ತುರ್ತಿದ್ದರೆ ವಾರ್ಡನ್ನಿಗೆ ಫೋನು ಮಾಡಬಹುದು ಎಂದು ಟೀಚರ್ ಮೊದಲೇ ಹೇಳಿದ್ದಳು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅವನಿಗೆ ಉಸಿರಾಡಲಾಗಲಿಲ್ಲ. ಸರಕಿನ ವ್ಯಾನು ಓಡಿಸುವ ಮೈದುನ ಓಡಿ ಬಂದು, ಅಣ್ಣನನ್ನು ಮೂರು ಮಹಡಿಯೂ ಬೆನ್ನ ಮೇಲೆ ಹೊತ್ತು ಇಳಿಸಿದ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದ ಮೇಲೆ ಉಸಿರು ತುಸು ಸರಾಗವಾಯಿತು. ಯುವ ವೈದ್ಯನೊಬ್ಬ ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದ. ಈ ಸಲದ್ದು ಹಿಂದಿನ ಹಾಗಲ್ಲ, ಇನ್ನು ಎಷ್ಟು ದಿನ ಎಂದು ಹೇಳಲು ಬರುವುದಿಲ್ಲ, ವಾರವೂ ಆಗಬಹುದು, ತಿಂಗಳೂ ಆಗಬಹುದು, ಹತ್ತಿರದವರಿಗೆ ತಿಳಿಸುವುದು ಒಳ್ಳೆಯದು ಎಂದ. ಅವಳು ವಾರ ಮತ್ತು ತಿಂಗಳು ಎಂಬ ಎರಡು ಮಾತನ್ನಷ್ಟೇ ಕೇಳಿಸಿಕೊಂಡಳು. ವಾರಕ್ಕಿಂತ ಕಡಿಮೆ ಯಾವುದನ್ನೂ ಅವನು ಹೇಳಿರಲಿಲ್ಲವಲ್ಲ.

ಮೈದುನ ಹೊರಗಿನ ಬೆಂಚಿನ ಹತ್ತಿರ ಕಾಯುತ್ತಿದ್ದ. "ಅತ್ತಿಗೆ, ಹುಡುಗೀನ ಕರೆಸೋಣ. ಈಗ ಹೊರಟ್ರೆ ಸಾಯಂಕಾಲಕ್ಕೆ ಅಲ್ಲಿರ್ತೀನಿ. ನಾನೇ ಕರ್ಕೊಂಡು ಬರ್ತೀನಿ," ಎಂದ.

"ಪರೀಕ್ಷೆ ಮುಗೀಲಿ," ಎಂದಳು ದೊಡ್ಡಕ್ಕ. "ಇನ್ನೆರಡೇ ದಿನ. ಇಷ್ಟು ವರ್ಷ ಒದ್ದಾಡಿದ್ದು ಇದಕ್ಕೇ ತಾನೆ."

ಅವನು ವಾದಿಸಲಿಲ್ಲ. ಅಣ್ಣನನ್ನೇ ಕೇಳೋಣ ಎಂದ. ಇಬ್ಬರೂ ಒಳಗೆ ಹೋದರು. ಗಂಡ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ. ಆಮೇಲೆ ಏದುಸಿರಿನ ನಡುವೆ ಪರೀಕ್ಷೆ ಮುಗಿಯಲಿ ಎಂದು ಅವನೂ ಹೇಳಿದ. ಅಷ್ಟು ಕೇಳಿದ್ದೇ ಅವಳಿಗೆ ದೊಡ್ಡ ಭಾರ ಇಳಿಸಿದಂತಾಯಿತು. ಅವನ ಮಾತನ್ನು ಭದ್ರವಾಗಿ ಹಿಡಿದುಕೊಂಡಳು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವನು ಕಣ್ಣು ತೆರೆದು, "ಬಂದಳಾ?" ಎಂದ.

ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಬರುತ್ತಾಳೆ ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು ಕೇಳಿದ. ಬೆಳಿಗ್ಗೆ ತಾನೇ ಹೇಳಿದ್ದು ಮರೆತಿದ್ದನೋ, ಇಲ್ಲ ಬೆಳಿಗ್ಗೆ ಹೇಳಿದ್ದು ಬಾಯಿಮಾತಿಗಷ್ಟೆಯೋ, ಅದು ಇವತ್ತಿಗೂ ಅವಳಿಗೆ ತಿಳಿದಿಲ್ಲ. ಎದ್ದು ಹೊರಗೆ ಬಂದು ವಾರ್ಡನ್ನಿಗೆ ಫೋನು ಹಚ್ಚಿದಳು. ಆ ಕಡೆ ಮಕ್ಕಳ ಗಲಾಟೆ, ತಟ್ಟೆಗಳ ಸದ್ದು ಕೇಳಿಸಿತು. ಊಟಕ್ಕೆ ಕೂರುತ್ತಿದ್ದರೆಂದು ಕಾಣುತ್ತದೆ. ವಾರ್ಡನ್ನು ಒಳ್ಳೆಯ ದನಿಯ ಹೆಂಗಸು. ನಿಮ್ಮ ಮಗಳು ಇಲ್ಲೇ ಇದ್ದಾಳೆ, ಕರೆಯಲೇ, ಏನಾದರೂ ತುರ್ತೇ ಎಂದು ಕೇಳಿದಳು.

ದೊಡ್ಡಕ್ಕನ ಬಾಯಿಯವರೆಗೆ ಬಂದ ಮಾತು ಅಲ್ಲೇ ನಿಂತಿತು. ಹುಡುಗಿ ಫೋನಿಗೆ ಬಂದರೆ ದನಿಯಲ್ಲೇ ಹಿಡಿದುಬಿಡುತ್ತಾಳೆ. ಬೆಳಗಾದರೆ ಪರೀಕ್ಷೆ. ಇವನಿಗೆ ಒಂದು ವಾರವಂತೂ ಇದೆ ಎಂದು ವೈದ್ಯನೇ ಹೇಳಿದ್ದಾನೆ. "ಏನಿಲ್ಲಮ್ಮ, ಸುಮ್ಮನೆ ಮಾಡ್ದೆ," ಎಂದಳು. "ಹೊಟ್ಟೆ ತುಂಬ ಊಟ ಮಾಡಿ ಬೇಗ ಮಲಗು ಅಂತ ಹೇಳಿ."

ಅವನು ಹೋದದ್ದು ಪರೀಕ್ಷೆಯ ಎರಡನೆಯ ದಿನ, ಮಧ್ಯಾಹ್ನ. ಆ ಹೊತ್ತಿಗೆ ಮಗಳು ಪರೀಕ್ಷೆಯ ಕೋಣೆಯಲ್ಲಿ ಕೂತು ಕೊನೆಯ ಲೆಕ್ಕ ಬಿಡಿಸುತ್ತಿದ್ದಳು. ನರ್ಸ್ ನಳಿಕೆ ತೆಗೆದು, ಯಂತ್ರದ ಗುಂಡಿ ಒತ್ತಿ, ಸದ್ದಿಲ್ಲದೆ ಪರದೆ ಎಳೆದಳು. ದೊಡ್ಡಕ್ಕನಿಗೆ ಮೊದಲು ಅಳು ಬರಲಿಲ್ಲ. ಅವನ ಹೊದಿಕೆಯ ಅಂಚು ಸೊಟ್ಟಗಿತ್ತು, ಎಳೆದು ಸರಿಮಾಡಿದಳು. ಮತ್ತೆ ಎಳೆದು ಸರಿಮಾಡಿದಳು. ಮೈದುನ ಬಂದು ಕೈ ಹಿಡಿದಾಗಲೇ ನಿಲ್ಲಿಸಿದ್ದು.

ಅವನು ವ್ಯಾನು ತೆಗೆದುಕೊಂಡು ಅಲ್ಲಿಂದ ನೇರವಾಗಿ ಹೊರಟ. ರಾತ್ರಿ ಅವನು ತಲುಪಿದಾಗ ಶಿಬಿರದ ಅಂಗಳದಲ್ಲಿ ಮಕ್ಕಳು ಇನ್ನೂ ಪರೀಕ್ಷೆ ಮುಗಿದ ಖುಷಿಯಲ್ಲಿ ಕೂಗಾಡುತ್ತಿದ್ದರಂತೆ. ಹುಡುಗಿ ಯಾರದೋ ಜೊತೆ ಕೈಯಾಡಿಸುತ್ತಾ ವಾದಕ್ಕಿಳಿದಿದ್ದವಳು, ಚಿಕ್ಕಪ್ಪನನ್ನು ಗೇಟಿನಲ್ಲಿ ಕಂಡದ್ದೇ ತಡ ಮಾತು ನಿಲ್ಲಿಸಿದಳು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಯಾವಾಗ ಎಂದು ಕೇಳಿದಳು, ಮಧ್ಯಾಹ್ನ ಎಂದ. ಯಾವಾಗಿನಿಂದ ಜಾಸ್ತಿಯಾಗಿತ್ತು ಎಂದು ಕೇಳಿದಳು, ನಿನ್ನೆ ಬೆಳಿಗ್ಗೆಯಿಂದ ಎನ್ನಲು ಹೋಗಿ, ಅಲ್ಲ, ಮೊನ್ನೆಯಿಂದ ಎಂದ. ಅಪ್ಪ ನನ್ನನ್ನು ಕೇಳಿದನಾ ಎಂದಳು. ಕೇಳಿದ ಎಂದ. ಮನೆಗೆ ಬಂದು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಮ್ಮ ಬಂದು ಹೆಗಲು ತಬ್ಬಿಕೊಂಡಾಗ ಬಿಡಿಸಿಕೊಳ್ಳಲಿಲ್ಲ, ಒರಗಲೂ ಇಲ್ಲ. ಆ ಮೈ ಮರದ ತುಂಡಿನ ಹಾಗಿತ್ತು.

ಬೆಳ್ಳಿಯ ಪದಕವೆಂದು ಕೆಲವು ದಿನಗಳ ಮೇಲೆ ಗೊತ್ತಾಯಿತು. ಟೀಚರ್ ಅದನ್ನು ಮನೆಗೆ ತಂದಾಗ ಹುಡುಗಿ ಕೈಗೆ ತೆಗೆದುಕೊಂಡು, ಥ್ಯಾಂಕ್ಸ್ ಎಂದು, ಕಪಾಟಿನಲ್ಲಿ ಬಟ್ಟೆಗಳ ಕೆಳಗಿಟ್ಟಳು. ಅಲ್ಲಿಂದ ಮುಂದೆ ಅವಳು ಪಾಠಕ್ಕೆ ಹೋಗಲಿಲ್ಲ. ಕಾಲೇಜಿನ ಪ್ರವೇಶ ಪರೀಕ್ಷೆಗೆ ತನ್ನಷ್ಟಕ್ಕೆ ಓದಿಕೊಂಡಳು, ಬರೆದಳು. ಹೇಗಾಯಿತು ಎಂದರೆ ಆಯಿತು ಎಂದಳು. ತಕರಾರು ಎಂಬ ಹೆಸರು ಅವಳಿಗೆ ಒಪ್ಪುವುದು ಬಿಟ್ಟಿತು. ಅಮ್ಮ ಕೊಟ್ಟದ್ದನ್ನು ತಿಂದಳು, ಹೇಳಿದ್ದಕ್ಕೆ ಹೂಂ ಎಂದಳು. ದೊಡ್ಡಕ್ಕನಿಗೆ ಆ ಹೂಂ ಎಂಬುದು ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು. ಒಂದೇ ಒಂದು ಸಮಾಧಾನ ಹಿಡಿದುಕೊಂಡಿದ್ದಳು. ಕಾಲೇಜು ಸಿಗಲಿ. ಪದಕ ನೋಡಿ ಅವರು ಒಳಗಿನಿಂದ ಕರೆಯಲಿ. ಆಗ ಅವನು ಕಾದದ್ದು ದಂಡವಾಗಲಿಲ್ಲ ಎಂದಾಗುತ್ತದೆ. ಮಗಳಿಗೂ ಅರ್ಥವಾಗುತ್ತದೆ.

ಕಾಲೇಜು ಸಿಕ್ಕಿತು. ಟೀಚರ್ ಕನಸು ಕಂಡಿದ್ದ ಆ ಕಾಲೇಜೇ. ಸೇರುವ ದಿನ ದೊಡ್ಡಕ್ಕ ರಜೆ ಹಾಕಿ ಜೊತೆಗೆ ಹೋದಳು. ಮಗಳಿಗೆ ಹೇಳದೆ ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಿದ್ದಳು. ಎತ್ತರದ ಮಾಡಿನ ಹಜಾರ, ಅದರ ತುದಿಯಲ್ಲಿ ಉದ್ದ ಮೇಜು. ದಾಖಲೆ ನೋಡುತ್ತಿದ್ದ ಗುಮಾಸ್ತ ತನಗೆ ಬೇಕಾದ್ದನ್ನೆಲ್ಲ ನೋಡಿ, ಮುದ್ರೆಯೊತ್ತಿ, ಮುಂದಿನವರನ್ನು ಕರೆದ. ದೊಡ್ಡಕ್ಕ ಕದಲಲಿಲ್ಲ. ಕರವಸ್ತ್ರ ಬಿಚ್ಚಿ ಪದಕವನ್ನು ಮೇಜಿನ ಮೇಲಿಟ್ಟಳು. ಗುಮಾಸ್ತ ಮುಗುಳ್ನಕ್ಕು, ಇದೆಲ್ಲ ಇಲ್ಲಿ ಬೇಕಾಗಿಲ್ಲ ತಾಯಿ, ಜೋಪಾನವಾಗಿ ಮನೆಯಲ್ಲಿಡಿ ಎಂದ.

ಅಲ್ಲೇ ಹಿಂದೆ ಕುರ್ಚಿಯಲ್ಲಿ ಕೂತಿದ್ದ ಲೆಕ್ಕದ ವಿಭಾಗದ ಮುಖ್ಯಸ್ಥೆ, ನರೆಗೂದಲ ಪ್ರೊಫೆಸರಮ್ಮ, ಎದ್ದು ಬಂದು ಪದಕವನ್ನು ಕೈಗೆತ್ತಿಕೊಂಡು ನೋಡಿದಳು. ಮಗಳ ಹೆಸರು ಕೇಳಿದ್ದೇ ಅವಳ ಮುಖ ಅರಳಿತು. ಆ ಹುಡುಗಿ ಇವಳೇ ಏನು ಎಂದು ಸಂತೋಷದಿಂದ ಕೈಕುಲುಕಿದಳು. ದೊಡ್ಡಕ್ಕನಿಗೆ ಧೈರ್ಯ ಬಂತು.

"ಇದನ್ನ ನೋಡೇ ತಾನೆ ಸೀಟು ಕೊಟ್ಟಿದ್ದು?" ಎಂದು ಕೇಳಿದಳು.

ಪ್ರೊಫೆಸರಮ್ಮ ಒಳ್ಳೆಯ ಮನಸ್ಸಿನವಳು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದೇ ಮರ್ಯಾದೆ ಎಂದು ತಿಳಿದವಳು. "ಇದನ್ನೂ ನೋಡ್ತೀವಿ. ಇಬ್ಬರು ಸರಿಸಮ ಬಂದಾಗ, ಯಾರಿಗೆ ಕೊಡೋದು ಅಂತ ಗೊತ್ತಾಗದೇ ಇದ್ದಾಗ ನೋಡ್ತೀವಿ," ಎಂದಳು. "ನಿಮ್ಮ ಮಗಳ ವಿಷಯದಲ್ಲಿ ಅಲ್ಲಿತನಕ ಹೋಗೋ ಪ್ರಮೇಯಾನೇ ಬರಲಿಲ್ಲ. ಪ್ರವೇಶ ಪರೀಕ್ಷೇಲಿ ಅವಳು ಬರೆದದ್ದು ಒಂದೇ ಸಾಕಾಯ್ತು. ಈ ಪದಕ ಇಲ್ಲದಿದ್ರೂ ಅವಳು ಇಲ್ಲೇ ಇರ್ತಿದ್ಲು."

ಹೊಗಳಿಕೆಯೆಂದೇ ಹೇಳಿದ್ದು. ಹೇಳಿ ಪದಕವನ್ನು ಮತ್ತೆ ಕರವಸ್ತ್ರದ ಮೇಲಿಟ್ಟಳು. ದೊಡ್ಡಕ್ಕನಿಗೆ ಅದನ್ನು ಸುತ್ತಲು ಕೈ ಬರಲಿಲ್ಲ. ಪಕ್ಕದಲ್ಲಿ ಮಗಳಿದ್ದಾಳೆ, ಪ್ರತಿ ಅಕ್ಷರ ಕೇಳಿಸಿಕೊಂಡಿದ್ದಾಳೆ ಎಂಬುದು ಗೊತ್ತಿತ್ತು. ಆ ಕಡೆ ಕತ್ತು ತಿರುಗಿಸಲಾಗಲಿಲ್ಲ. ಕೊನೆಗೆ ಹುಡುಗಿಯೇ ಕರವಸ್ತ್ರದ ನಾಲ್ಕೂ ಮೂಲೆ ಒಟ್ಟಿಗೆ ಸೇರಿಸಿ, ಅಮ್ಮನ ಚೀಲಕ್ಕೆ ಹಾಕಿ, ಚೀಲದ ಬಾಯಿ ಮುಚ್ಚಿದಳು. "ನಡಿ ಅಮ್ಮ, ಹಿಂದೆ ಜನ ಕಾಯ್ತಿದ್ದಾರೆ," ಎಂದಳು.

ಹಾಸ್ಟೆಲಿನಲ್ಲಿ ಅವಳನ್ನು ಬಿಟ್ಟು ದೊಡ್ಡಕ್ಕ ಒಬ್ಬಳೇ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಎಲ್ಲಿಗೆ ಹೋಗಿದ್ದೆ ಮಗಳೇ ಎಂದು ಕೇಳಿದಳು. ಮಗಳನ್ನು ಕಾಲೇಜಿಗೆ ಸೇರಿಸಿ ಬಂದೆ ಎಂದದ್ದೇ, ಅಲ್ಲಿಯತನಕ ಎಲ್ಲಿ ಕಟ್ಟಿಕೊಂಡಿತ್ತೋ, ಅಳು ಒತ್ತರಿಸಿ ಬಂತು. ಮುದುಕಿ ಅವಳ ಬೆನ್ನು ಸವರುತ್ತಾ, ಹೆಣ್ಣುಮಕ್ಕಳು ಎಂದಿದ್ದರೂ ಮನೆ ಬಿಡುವವರೇ, ಅಳಬೇಡ, ರಜೆಗೆ ಬರುತ್ತಾಳೆ ಎಂದು ಇಳಿಯುವವರೆಗೂ ಸಮಾಧಾನ ಹೇಳಿದಳು.

ಮಾರನೆಯ ವರ್ಷ ಶಾಲೆಯಿಂದ ಕರೆ ಬಂತು. ಸ್ಪರ್ಧೆಗೆ ಹೊಸದಾಗಿ ಸೇರುವ ಮಕ್ಕಳ ತಂದೆತಾಯಿಯರ ಸಭೆಯಿದೆ, ನೀವು ಬಂದು ಎರಡು ಮಾತಾಡಬೇಕು ಎಂದು ಟೀಚರ್ ಕೇಳಿಕೊಂಡಳು. ದೊಡ್ಡಕ್ಕ ಒಲ್ಲೆ ಎನ್ನಬೇಕೆಂದಿದ್ದಳು. ಹೋದಳು. ಸಭೆಯ ಕೋಣೆಯ ಗೋಡೆಯ ಮೇಲೆ ಮಗಳ ದೊಡ್ಡ ಭಾವಚಿತ್ರ. ಅದರಡಿಯಲ್ಲಿ ಪದಕದ ಹೆಸರು, ಅದರಡಿಯಲ್ಲಿ ಕಾಲೇಜಿನ ಹೆಸರು, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು. ಅಪ್ಪ ಅಮ್ಮಂದಿರು ಮಕ್ಕಳ ಡೆಸ್ಕುಗಳಲ್ಲಿ ಮೊಣಕಾಲು ಮಡಚಿಕೊಂಡು ಇಕ್ಕಟ್ಟಾಗಿ ಕೂತಿದ್ದರು. ಹೆಡ್‌ಮಾಸ್ಟರು ಅವಳನ್ನು ಆದರ್ಶ ತಾಯಿ ಎಂದು ಪರಿಚಯಿಸಿದರು.

ಅವಳು ಎದ್ದು ನಿಂತಳು. ಅಷ್ಟು ಜನರ ಮುಂದೆ ಮಾತಾಡಿ ಗೊತ್ತಿಲ್ಲ. ಲಾಂಡ್ರಿಯ ಸದ್ದಿನಲ್ಲಿ ಕೂಗಿ ಅಭ್ಯಾಸವಾದ ದನಿ ಕೋಣೆಗೆ ತುಸು ದೊಡ್ಡದಾಯಿತು. "ಪದಕ ಒಳ್ಳೇದೇ. ಮಕ್ಕಳಿಗೆ ಇಷ್ಟ ಇದ್ರೆ ಕಳಿಸಿ," ಎಂದಳು. "ಆದ್ರೆ ಕಾಲೇಜಿನೋರು ನಮ್ಮನ್ನ ಅದನ್ನ ಕೇಳಲಿಲ್ಲ. ಅದಿಲ್ಲದಿದ್ರೂ ಸಿಗ್ತಿತ್ತು ಅಂದ್ರು. ಆ ಪದಕ ಬರ್ಲಿ ಅಂತ ನಾನು ನನ್ನ ಮಗಳಿಗೆ ಅವರಪ್ಪ ಸಾಯ್ತಿರೋದನ್ನ ಹೇಳಲಿಲ್ಲ. ಅವರು ಬಂದಳಾ ಅಂತ ಕೇಳ್ತಾನೇ ಇದ್ರು. ಮನೇಲಿ ಏನಾದ್ರೂ ಆದ್ರೆ ಮಕ್ಕಳಿಗೆ ಹೇಳಿಬಿಡಿ. ನಾನು ಹೇಳೋದು ಇಷ್ಟೇ."

ಹಿಂದಿನ ಸಾಲಿನಲ್ಲಿ ಯಾರೋ ರೂಢಿಯ ಮೇಲೆ ಚಪ್ಪಾಳೆ ತಟ್ಟಲು ಹೋಗಿ ಕೈ ಕೆಳಗಿಳಿಸಿದರು. ಹೆಡ್‌ಮಾಸ್ಟರು ಮುಂದಿನ ವಿಷಯಕ್ಕೆ ಹೋದರು. ಸಭೆ ಮುಗಿದು ಅವಳು ಗೇಟಿನ ಹತ್ತಿರ ಬಂದಾಗ ಒಬ್ಬ ತಂದೆ ಹಿಂದೆಯೇ ಓಡಿ ಬಂದ. ನಿಮ್ಮ ಮಾತು ಮನಸ್ಸಿಗೆ ನಾಟಿತು ಎಂದ, ಕಣ್ಣೂ ಒದ್ದೆಯಾಗಿತ್ತು. ಆಮೇಲೆ ತುಸು ಸಂಕೋಚದಿಂದ, "ಆದ್ರೂ ಅಕ್ಕ, ಪದಕ ಇದ್ರೆ ಒಂದು ಅನುಕೂಲಾನೇ ಅಲ್ವಾ?" ಎಂದು ಕೇಳಿದ. ಅವಳಿಗೆ ಸಿಟ್ಟು ಬರಲಿಲ್ಲ. ಆ ಡೆಸ್ಕಿನಲ್ಲಿ ಕೂತಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂದುಕೊಂಡಳು.

ಟೀಚರ್ ವಾರ ಕಳೆದು ಹೋಟೆಲಿನ ಹಿಂಬಾಗಿಲಿಗೆ ಹುಡುಕಿಕೊಂಡು ಬಂದಳು. ಊಟದ ಬಿಡುವು, ಇಬ್ಬರೂ ಕಟ್ಟೆಯ ಮೇಲೆ ಕೂತರು. ಟೀಚರ್ ಈ ಸಲ ಕೈಗಳನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡಿದಳು. ಕೆಲವು ಕಾಲೇಜುಗಳು ಪದಕಕ್ಕೆ ಬೆಲೆ ಕೊಡುವುದು ನಿಜ, ನಾನು ಸುಳ್ಳು ಹೇಳಲಿಲ್ಲ ಎಂದಳು. ಆಮೇಲೆ, "ಎಷ್ಟು ಬೆಲೆ ಅಂತ ಮಾತ್ರ ನನಗೂ ಗೊತ್ತಿರಲಿಲ್ಲ. ಗೊತ್ತಿರೋಳ ಹಾಗೆ ಹೇಳ್ಬಿಟ್ಟೆ," ಎಂದಳು.

"ನೀವು ಲೆಕ್ಕ ಕಲಿಸಿದ್ರಿ," ಎಂದಳು ದೊಡ್ಡಕ್ಕ. "ಫೋನು ನಿಮ್ಮ ಕೈಲಿರಲಿಲ್ಲ, ನನ್ನ ಕೈಲಿತ್ತು."

ಶಾಲೆಯ ಗೋಡೆಯ ಮೇಲಿನ ಮಗಳ ಚಿತ್ರ ಆ ವರ್ಷವೇ ಇಳಿಯಿತೆಂದು ಕೇಳಿದಳು. ಸ್ಪರ್ಧೆಯ ಪಾಠ ಮಾತ್ರ ನಡೆಯುತ್ತಲೇ ಇತ್ತು.

ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಗ ಒಂದು ರಜೆಯಲ್ಲಿ ಬಂದಳು. ಬಂದರೆ ಎರಡು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಇಬ್ಬರೂ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಇದ್ದಕ್ಕಿದ್ದಂತೆ ಹುಡುಗಿ, ಆ ಮೂರು ದಿನ ಏನೇನಾಯಿತು ಹೇಳು ಎಂದಳು. ಮೊದಲಿನಿಂದ ಹೇಳು, ಏನನ್ನೂ ಬಿಡಬೇಡ ಎಂದಳು. ದೊಡ್ಡಕ್ಕ ತಗ್ಗು ಗೋಡೆಯ ಮೇಲೆ ಕೂತು ಹೇಳಿದಳು. ಚಿಕ್ಕಪ್ಪ ಬೆನ್ನ ಮೇಲೆ ಹೊತ್ತದ್ದು, ಇಳಿಯುವಾಗ ಅಪ್ಪ ಅವನ ಕಿವಿಯಲ್ಲಿ ಮೆಲ್ಲಗೆ, ನೆಲಮಹಡಿ ಬಂದರೆ ಗಂಟೆ ಬಾರಿಸು ಎಂದು ಹೇಳಿದ್ದು. ಬೆಳಿಗ್ಗೆ ಪರೀಕ್ಷೆ ಮುಗಿಯಲಿ ಎಂದದ್ದು, ಸಂಜೆ ಬಂದಳಾ ಎಂದು ಕೇಳಿದ್ದು. ತಾನು ಫೋನು ಮಾಡಿದ್ದು, ವಾರ್ಡನ್ನು ಕರೆಯಲೇ ಎಂದದ್ದು, ತಾನು ಬೇಡ ಎಂದದ್ದು. ಎರಡನೆಯ ದಿನ ಅವನು ಕೇಳುವುದನ್ನೂ ಬಿಟ್ಟು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದು. ಏನನ್ನೂ ಬಿಡಲಿಲ್ಲ.

ಹುಡುಗಿ ತೋಳಿನ ಮೇಲೆ ಬಟ್ಟೆಗಳನ್ನು ಹೇರಿಕೊಂಡು ನಿಂತೇ ಕೇಳಿದಳು. ಮುಗಿದ ಮೇಲೆ ದೊಡ್ಡಕ್ಕ, "ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡು ಮಗಳೇ. ಒಳಗಿಟ್ಟುಕೊಳ್ಳಬೇಡ," ಎಂದಳು.

"ಸಿಟ್ಟಲ್ಲ ಅಮ್ಮ," ಎಂದಳು ಮಗಳು. ಮಾತು ಹುಡುಕುತ್ತಾ ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ಅವತ್ತು ನೀನು ಹೇಳಿದ್ದಿದ್ರೆ ನಾನು ಪರೀಕ್ಷೆ ಬಿಟ್ಟು ಬರ್ತಿದ್ನಾ ಅಂತ ನನಗೇ ಗೊತ್ತಿಲ್ಲ. ಅಪ್ಪನಿಗೆ ಏನೂ ಆಗಲ್ಲ, ಬರೆದೇ ಹೋಗೋಣ ಅಂತಿದ್ನೋ ಏನೋ. ಆ ಪದಕ ನನಗೂ ಅಷ್ಟು ಬೇಕಾಗಿತ್ತು. ಬರ್ತಿದ್ದೆ ಅಂತ ಹೇಳ್ಕೊಳ್ಳೋಕೆ ಎಷ್ಟು ಸಲ ನೋಡಿದೀನಿ, ಖಾತ್ರಿಯಾಗಿ ಹೇಳೋಕೆ ಆಗಲ್ಲ. ಅದನ್ನ ತಿಳ್ಕೊಳ್ಳೋಕೆ ನನಗೆ ಇನ್ನು ದಾರಿ ಇಲ್ಲ."

ದೊಡ್ಡಕ್ಕನಿಗೆ ಬರುತ್ತಿದ್ದೆ, ನೀನು ಖಂಡಿತ ಓಡಿ ಬರುತ್ತಿದ್ದೆ ಎಂದು ಹೇಳಬೇಕೆನ್ನಿಸಿತು. ಹೇಳಿದರೂ ಈ ಹುಡುಗಿ ಅದನ್ನು ಒಪ್ಪುವವಳಲ್ಲ. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಇಷ್ಟು ದಿನ ತನ್ನ ಮೇಲಿನ ಸಿಟ್ಟಿಗೆ ಮಗಳು ಮನೆಗೆ ಬರುತ್ತಿಲ್ಲ ಎಂದುಕೊಂಡಿದ್ದಳು. ಅದೇ ಆಗಿದ್ದರೆ ಎಷ್ಟೋ ಮೇಲಿತ್ತು. ಎದ್ದು ಹೋಗಿ ಅವಳ ತೋಳಿನಿಂದ ಬಟ್ಟೆಯ ಹೊರೆ ಇಳಿಸಿಕೊಂಡಳು. ಹುಡುಗಿ ಬರಿಗೈಯಲ್ಲಿ ನಿಂತವಳು ಅಮ್ಮನ ಹೆಗಲಿಗೆ ಹಣೆಯಾನಿಸಿದಳು. ಅಪ್ಪ ಹೋದ ಮೇಲೆ ಅಮ್ಮನ ಮುಂದೆ ಅವಳು ಅತ್ತದ್ದು ಆಗಲೇ. ಸದ್ದಿಲ್ಲದೆ, ಹೆಗಲು ಒದ್ದೆಯಾಗುವಷ್ಟು ಅತ್ತಳು. ಮಾಳಿಗೆಗೆ ಬಂದ ಪಕ್ಕದ ಮನೆಯವಳು ಇವರನ್ನು ನೋಡಿ ಬುಟ್ಟಿಯೊಂದಿಗೆ ಹಾಗೆಯೇ ತಿರುಗಿ ಇಳಿದುಹೋದಳು.

ಮಗಳು ಈಗ ಇನ್ನೊಂದು ಊರಿನ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಾಳೆ. ದೊಡ್ಡಕ್ಕನ ಭುಜ ಕೈಕೊಟ್ಟು ಲಾಂಡ್ರಿ ಬಿಟ್ಟಾಯಿತು. ಮಗಳು ತನ್ನ ಜೊತೆ ಬಂದಿರು ಎಂದು ಕರೆದಳು. ಬರುತ್ತೇನೆ, ಆದರೆ ಈಗಲೇ ಬೇಡ ಎಂದು ಇವಳು ಮುಂದೂಡುತ್ತಿದ್ದಾಳೆ. ಮೈದುನನ ಹೆಂಡತಿ ಊಟಕ್ಕೆ ಕರೆಯುತ್ತಾಳೆ, ಹೋಗಿಬರುತ್ತಾಳೆ. ಮೊನ್ನೆ ಮಗಳು ಬಂದವಳು ಒಂದು ವಾರ ಇದ್ದಳು. ಒಂದು ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಕೂತಿದ್ದಾಗ ತನ್ನ ತರಗತಿಯ ಹುಡುಗನೊಬ್ಬನ ಸುದ್ದಿ ಹೇಳಿದಳು. ಪರೀಕ್ಷೆಯ ದಿನ ಬೆಳಿಗ್ಗೆ ಬಂದು, ಅಜ್ಜಿಗೆ ಜಾಸ್ತಿಯಾಗಿದೆಯಂತೆ, ಹೋಗಲೋ ಬರೆಯಲೋ ಎಂದು ಅವಳನ್ನು ಕೇಳಿದನಂತೆ.

"ನೀನೇನಂದೆ?" ಎಂದಳು ದೊಡ್ಡಕ್ಕ.

"ಬಸ್ ಸ್ಟ್ಯಾಂಡಿನ ತನಕ ಅವನ ಜೊತೆ ನಡ್ಕೊಂಡು ಹೋದೆ," ಎಂದಳು ಮಗಳು. "ದಾರೀಲಿ ಅವನೇ ತೀರ್ಮಾನ ಮಾಡ್ಕೊಂಡ."

ಹೋದನೇ, ಬರೆದನೇ ಎಂದು ದೊಡ್ಡಕ್ಕ ಕೇಳಲಿಲ್ಲ. ಮಗಳು ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಹಾಕಿ, ಒಲೆ ಹಚ್ಚಲು ಎದ್ದಳು.